ಒಣಗಿದವರಿಗೆ ಮೊದಲು

"ಅಪ್ಪ ಸಲಿಕೆ ಹಿಡಿದೇ ಸತ್ತ. ಈ ಮಹಾರಾಜ ನಲ್ಲಿ ತಿರುಗಿಸಿ ಬೇಸಾಯ ಮಾಡ್ತಾನೆ!" ನೀರುಗಂಟಿ ಸೆಫೆರಿನೊ ತೂಬಿನ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. "ಊರವರ ಗಿಡವೆಲ್ಲ ಜೋತುಬಿದ್ದಿದೆ, ಇವನದು ಮಾತ್ರ ಮದುಮಗಳ ಹಾಗೆ ನಿಂತಿದೆ. ಕದಿಯದೆ ಆಗುತ್ತೇನ್ರೋ?"

ಕಾಲುವೆಯ ಹನ್ನೊಂದು ಮನೆಯವರೂ ಅಲ್ಲಿದ್ದರು. ಯಾರೋ ಕಿಸಕ್ಕೆಂದರು. ಡೆಲ್ಫಿನೊನ ಕಿವಿ ಬಿಸಿಯಾದವು.

"ಕದ್ದಿಲ್ಲ ಮಾವ. ಹನಿ ಪೈಪು ಹಾಕಿದೀನಿ. ಒಟ್ಟಿಗೆ ಹಾಕ್ಕೊಳ್ಳೋಣ ಅಂತ ಹೋದ ವರ್ಷ ಮನೆಮನೆಗೂ ಬಂದು ಹೇಳಿದ್ದೆ. ನಕ್ಕು ಕಳಿಸಿದ್ರಿ."

ಮೊದಲೆಲ್ಲ ಬೆಟ್ಟದ ಹಿಮ ಜುಲೈವರೆಗೂ ನಿಧಾನಕ್ಕೆ ಕರಗಿ ಕಾಲುವೆ ತುಂಬುತ್ತಿತ್ತು. ಈಗ ಏಪ್ರಿಲ್‌ನಲ್ಲೇ ಒಂದೇ ಉಸಿರಿಗೆ ಕರಗಿ ಹರಿದುಹೋಗುತ್ತದೆ. ಒಂದೊಂದು ಮನೆಗೆ ಹನ್ನೊಂದು ದಿನಕ್ಕೊಮ್ಮೆ ಆರು ಗಂಟೆ ನೀರು. ಉಳಿದವರು ಅದನ್ನು ಹೊಲದ ತುಂಬ ಹರಿಯಬಿಡುತ್ತಿದ್ದರು. ಅರ್ಧ ಬಿಸಿಲಿಗೇ ಹೋಗುತ್ತಿತ್ತು. ಡೆಲ್ಫಿನೊ ತಾನೇ ಅಗೆದ ತೊಟ್ಟಿಯಲ್ಲಿ ತುಂಬಿಸಿಕೊಂಡು, ಹನ್ನೊಂದು ದಿನವೂ ಮೆಣಸಿನ ಗಿಡದ ಬುಡಕ್ಕೆ ಹನಿಹನಿ ಬಿಡುತ್ತಿದ್ದ. ಇಂದು ಅವನ ಸರದಿ. ಗಿಡಗಳಲ್ಲಿ ಹೂ ಬಿರಿದಿತ್ತು.

ಆದರೆ ಹೊಳೆಯಲ್ಲಿ ನೀರು ಇಳಿದ ಇಂಥ ವರ್ಷ ಈ ಕಾಲುವೆಯಲ್ಲಿ ಸರದಿ ನಡೆಯುವುದಿಲ್ಲ. ಯಾರ ಹೊಲ ಹೆಚ್ಚು ಒಣಗಿದೆಯೋ ಅವರಿಗೆ ಮೊದಲು. ಮುತ್ತಜ್ಜಂದಿರ ಕಾಲದ ಕಟ್ಟಳೆ.

"ಇವತ್ತಿನ ನೀರು ಎರ್ಲಿಂದಳಿಗೆ," ಎಂದ ಸೆಫೆರಿನೊ.

"ಮಾವ, ತೊಟ್ಟಿಲಿ ಗೇಣುದ್ದ ಕೆಸರು ಬಿಟ್ರೆ ಏನಿಲ್ಲ. ಬನ್ನಿ, ಬಗ್ಗಿ ನೋಡಿ. ನಾಡಿದ್ದಿಗೆ ಹೂವೆಲ್ಲ ಉದುರುತ್ತೆ. ಹೂ ಹೋದ್ರೆ ಈ ವರ್ಷವೇ ಹೋಯ್ತು."

"ತೊಟ್ಟಿ ನೋಡೋ ಪದ್ಧತಿ ಇಲ್ಲಪ್ಪ. ನಮ್ಮ ತಾತಂದಿರು ಎಲೆ ನೋಡ್ತಿದ್ರು. ನಾನೂ ಎಲೇನೇ ನೋಡೋದು."

"ಹಾಗಾದ್ರೆ ನಾನೂ ಗಿಡ ಸಾಯಿಸ್ಕೊಂಡು ಬರಬೇಕಿತ್ತಾ?"

"ಬಾಯಿ ನೋಡ್ರೋ ಇವಂದು! ಬಾಯಿಗೂ ಒಂದು ಪೈಪು ಹಾಕಿಸ್ಕೊ, ಮಾತೂ ಹನಿಹನಿ ಬರ್ಲಿ."

ಈ ಸಲ ಎಲ್ಲರೂ ನಕ್ಕರು. ಎರ್ಲಿಂದ ಮಾತ್ರ ನಗಲಿಲ್ಲ. ಗಂಡನಿಲ್ಲದ ಹೆಂಗಸು; ಅವಳ ಕುಂಬಳದ ಬಳ್ಳಿಗಳು ಸುಟ್ಟ ಕಾಗದದ ಹಾಗೆ ಮುದುಡಿದ್ದವು. ಅವು ಒಣಗಿದ್ದು ಸುಳ್ಳಾಗಿದ್ದರೆ ಡೆಲ್ಫಿನೊ ಆ ಮುದುಕ ನೀರುಗಂಟಿಯ ಕೊರಳಪಟ್ಟಿ ಹಿಡಿಯುತ್ತಿದ್ದ.

ನೀರು ಬಿಟ್ಟುಕೊಡುವವನೇ ತನ್ನ ಕೈಯಾರೆ ತೂಬು ಮುಚ್ಚಬೇಕು. ಡೆಲ್ಫಿನೊ ಹಲಗೆ ಇಳಿಸಿ, ಸಂದಿಗೆ ಮಣ್ಣು ಮೆತ್ತಿ, ಹಿಮ್ಮಡಿಯಿಂದ ತುಳಿದ. ಕಂದು ನೀರು ಹುಲ್ಲು, ನೊರೆ ಎಳೆದುಕೊಂಡು ಆಚೆಗೆ ತಿರುಗಿತು. ಎರ್ಲಿಂದಳ ಹೊಲ ಮುಟ್ಟಿದ್ದೇ ತಡ, ಬಿರುಕುಗಳು ಅದನ್ನು ಗಟಗಟ ನುಂಗಿದವು. ಎಲ್ಲರೂ ನೋಡುತ್ತ ನಿಂತರು. ಎಷ್ಟು ಹೊತ್ತಾದರೂ ನೀರು ಮೂರನೇ ಸಾಲು ದಾಟಲಿಲ್ಲ.

ಎರ್ಲಿಂದ ಸಲಿಕೆಗೆ ಒರಗಿ, ಡೆಲ್ಫಿನೊನ ಮುಖ ನೋಡಲಾರದೆ, "ಮಗಾ, ನಾನು ನೀರು ಕೇಳಿರಲಿಲ್ಲ ಕಣೋ," ಎಂದಳು.

"ಹೇಳೋದಿದ್ರೆ ಎಲ್ಲರ ಮುಂದೆ ಈಗಲೇ ಹೇಳು," ಸೆಫೆರಿನೊ ಕೂಗಿದ. "ಆಮೇಲೆ ನೀರುಗಂಟಿ ಅನ್ಯಾಯ ಮಾಡಿದ ಅನ್ನಬೇಡ. ಏನೋ, ಕಳ್ಳಾ?"

ಡೆಲ್ಫಿನೊ ತನ್ನ ಹೊಲಕ್ಕೆ ಹೋಗುವ ಬರಿದಾದ ಕವಲು ಕಾಲುವೆಯೊಳಕ್ಕೇ ಇಳಿದು ಮನೆಯ ಕಡೆ ನಡೆದ. ಹಲಗೆಯ ಹತ್ತಿರ ಕೆಸರಿತ್ತು, ಹೆಜ್ಜೆಗಳು ಆಳವಾಗಿ ಮೂಡಿದವು. ನಾಲ್ಕು ಮಾರು ಹೋಗುವಷ್ಟರಲ್ಲಿ ಮೂಡುವುದು ನಿಂತು, ಬರೀ ಧೂಳೆದ್ದಿತು.