ನಿದ್ದೆಯಲ್ಲಿ ಹಿಡಿದ ಅಳತೆ

ಫೋಟೊ ಸ್ಟುಡಿಯೊದ ಒಳಕೋಣೆಯಲ್ಲಿ ಗುಬ್ಬಿಯನ್ನು ಸ್ಟೂಲಿನ ಮೇಲೆ ಕೂರಿಸಿ ಮುಕ್ಕಾಲು ಗಂಟೆಯಾಗಿತ್ತು. ಒಂದೇ ಒಂದು ಫೋಟೊ ಸರಿಯಾಗಿ ಬಂದಿರಲಿಲ್ಲ.

"ಸ್ವಲ್ಪ ನಗು ಪುಟ್ಟಾ. ಹಲ್ಲು ಬಿದ್ದಿದೆ ಅಂತ ನಾನು ಯಾರಿಗೂ ಹೇಳಲ್ಲ," ಎಂದ ಫೋಟೊಗ್ರಾಫರ್, ಐದನೆಯ ಸಲ.

ಏಳೂವರೆ ವರ್ಷದ ಗುಬ್ಬಿ ನಗಲಿಲ್ಲ. ಎರಡೂ ತೋಳುಗಳನ್ನು ಮೈಯಿಂದ ಗೇಣು ದೂರ ಹಿಡಿದು, ಹಗ್ಗಕ್ಕೆ ಒಣಹಾಕಿದ ಅಂಗಿಯ ಹಾಗೆ ಕೂತಿದ್ದಳು.

"ಕೈ ಕೆಳಗಿಡೇ," ಎಂದರು ಅಜ್ಜಿ.

"ಇಟ್ರೆ ಕಚ್ಚುತ್ತೆ."

"ಫ್ರಾಕು ಕಚ್ಚೋಕೆ ಅದಕ್ಕೇನು ಹಲ್ಲಿದ್ಯಾ? ನಿಮ್ಮಮ್ಮ ಆಸ್ಪತ್ರೆ ಹಾಸಿಗೆ ಮೇಲೆ ಕೂತು ಕೈಯಲ್ಲಿ ಹೊಲಿದಿದ್ದು ಕಣೇ ಇದು. ಮೂರು ವರ್ಷ ನೋವು ತಿಂದ್ಲು ನನ್ನ ಸೊಸೆ, ಒಂದು ದಿನ ಒಬ್ಬರ ಮೇಲೆ ಸಿಡುಕಿದವಳಲ್ಲ. ನಿಂಗೆ ಒಂದು ಗಂಟೆ ತಡ್ಕೊಳ್ಳಕ್ಕಾಗಲ್ವಾ?"

ಗುಬ್ಬಿ ತೋಳು ಇಳಿಸಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳಪ್ಪ, ಬೆಳಗ್ಗೆಯಿಂದ ಉಜ್ಜಿ ಉಜ್ಜಿ ಕೆಂಪಾದ ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷವಾಗುವ ದಿನ, ಅವಳ ಹೊಲಿಗೆ ಅಂಗಡಿಯ ಗೋಡೆಗೆ ಮಗಳ ಈ ಫೋಟೊ ಹಾಕಬೇಕೆನ್ನುವುದು ಅವನದೇ ಆಸೆ. ಈಗ ಆ ಆಸೆ ಅವನ ಕೈಯಿಂದ ಜಾರಿ ಅವನಮ್ಮನ ಕೈಗೆ ಹೋಗಿತ್ತು.

ಮೂಲೆಯಲ್ಲಿ ಚೀಲ ಅಪ್ಪಿಕೊಂಡು ನಿಂತವಳು ಗುಬ್ಬಿಯ ಚಿಕ್ಕಮ್ಮ, ತೀರಿಕೊಂಡವಳ ತಂಗಿ. ಡಿಗ್ರಿ ಮುಗಿಸಿದ್ದರೂ ಅಂಗಡಿಯವನಿಗೆ ಚಿಲ್ಲರೆ ಕಡಿಮೆ ಕೊಟ್ಟಿದ್ದೀರಿ ಎನ್ನಲೂ ಬಾಯಿ ಬರದವಳು. ಅಕ್ಕನೇ ಅವಳಿಗೆ 'ಮೌನಿ' ಎಂದು ಹೆಸರಿಟ್ಟಿದ್ದಳು. ಫ್ರಾಕು ಕಚ್ಚುತ್ತದೆ, ಯಾಕೆ ಕಚ್ಚುತ್ತದೆ ಎನ್ನುವುದು ಈ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಹೇಳಬೇಕಾದ ಮಾತು ಗಂಟಲಿನವರೆಗೆ ಬಂದು, ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ ವಾಪಸ್ಸು ಹೋಗುತ್ತಿತ್ತು. ತನ್ನ ಮೇಲೆ ತನಗೇ ರೇಗಿತು.

ಅಕ್ಕ ಗಿರಾಕಿಗಳ ಅಳತೆ ತೆಗೆಯುವ ರೀತಿಯೇ ಬೇರೆ. ಟೇಪು ಕಂಡರೆ ಸಾಕು, ಜನ ಹೊಟ್ಟೆ ಒಳಗೆಳೆದುಕೊಂಡು ಸೈನಿಕರ ಹಾಗೆ ಸೆಟೆದು ನಿಲ್ಲುತ್ತಾರೆ. ಅಕ್ಕ ಏನಾದರೊಂದು ತಮಾಷೆ ಹೇಳಿ ಅವರನ್ನು ನಗಿಸುತ್ತಿದ್ದಳು. ನಕ್ಕು ಮೈ ಸಡಿಲವಾದ ಗಳಿಗೆಯಲ್ಲೇ ಟೇಪು ಸುತ್ತುತ್ತಿದ್ದಳು. "ಉಸಿರು ಬಿಡಿ ಮೇಡಂ, ಉಸಿರಾಡೋ ಬಟ್ಟೆ ಹೊಲಿಯೋಳು ನಾನು," ಎನ್ನುತ್ತಿದ್ದಳು. ನಗಿಸದೆ ಒಬ್ಬರದೂ ಅಳತೆ ತೆಗೆದವಳಲ್ಲ.

ತನ್ನ ಮಗಳದನ್ನು ಬಿಟ್ಟು.

ಅವತ್ತು ಮಧ್ಯಾಹ್ನ ವಾರ್ಡಿನ ಹಾಸಿಗೆಯಲ್ಲಿ ಗುಬ್ಬಿ ಅಮ್ಮನ ಮಗ್ಗುಲಿಗೆ ಮುದುಡಿಕೊಂಡು ಮಲಗಿದ್ದಳು. "ಟೇಪಿನ ಆ ತುದಿ ಹಿಡ್ಕೋ," ಎಂದಿದ್ದಳು ಅಕ್ಕ.

"ಎದ್ದ ಮೇಲೆ ತಗೊಳ್ಳೋಣ ಕಣೇ."

"ಎದ್ದರೆ ಕೇಳ್ತಾಳೆ, ಯಾವತ್ತು ಹಾಕ್ಕೊಳ್ಳೋದು ಅಂತ. ಮುಂದಿನ ವರ್ಷಕ್ಕೆ ಅಂದ್ರೆ, ಯಾಕೆ ಈಗಲೇ ಹೊಲೀತೀಯ ಅಂತಾಳೆ. ಹಿಡ್ಕೋ ಸುಮ್ನೆ."

ಮೌನಿ ಸುಮ್ಮನೆ ಹಿಡಿದುಕೊಂಡಿದ್ದಳು. ಮಗು ಬೆಳೆಯುತ್ತದೆಂದು ಉದ್ದಕ್ಕೆ ಅಕ್ಕ ಅಂಚಿನಲ್ಲಿ ಮೂರು ಮಡಿಕೆ ಬಿಟ್ಟಿದ್ದಳು. ಅದು ಸರಿಯಾಯಿತು, ನಿನ್ನೆ ಸಂಜೆ ಮೌನಿಯೇ ಎರಡು ಮಡಿಕೆ ಬಿಚ್ಚಿ ಇಳಿಸಿದ್ದಳು. ಮುದುಡಿದ ಹೆಗಲಿನ ಅಳತೆ ಮಾತ್ರ ಮುದುಡಿಯೇ ಉಳಿದಿತ್ತು.

"ಹತ್ತು ನಿಮಿಷ ಬಿಡುವು ಮಾಡೋಣ," ಎಂದ ಫೋಟೊಗ್ರಾಫರ್. "ನನ್ನ ನಗೂನೂ ಖಾಲಿಯಾಯ್ತು."

ಮೌನಿ ಗುಬ್ಬಿಯ ಕೈ ಹಿಡಿದು, ಬಟ್ಟೆ ಬದಲಿಸುವ ಮೂಲೆಗೆ ಕರೆದೊಯ್ದು ಪರದೆ ಎಳೆದಳು. ಕಂಕುಳ ಹತ್ತಿರ ಕೆಂಪು ಗೀರು ಎದ್ದಿತ್ತು.

"ಚಿಕ್ಕಮ್ಮಾ," ಗುಬ್ಬಿ ಪಿಸುಗುಟ್ಟಿದಳು, "ಅಮ್ಮ ನನ್ನ ಮೇಲೆ ಮಾತ್ರ ಸಿಡುಕಿದ್ದು."

"ಏನು?"

"ಅವತ್ತು ಟೇಪು ಕತ್ತರಿಸಿ ಗೊಂಬೆಗೆ ಬೆಲ್ಟು ಮಾಡಿದ್ನಲ್ಲ, ಕಿರುಚಿದ್ಲು. ಬೇರೆ ಯಾರ ಮೇಲೂ ಕೋಪ ಮಾಡ್ಕೊಂಡೇ ಇಲ್ವಂತೆ. ಅಜ್ಜಿ ದಿನಾ ಹೇಳ್ತಾರೆ. ನಾನು ಅಷ್ಟು ಕೆಟ್ಟೋಳಾ?"

ಮೌನಿಗೆ ಮೈಯೆಲ್ಲ ಉರಿಯಿತು. ಒಂದು ವರ್ಷದಿಂದ ಮನೆಯವರೆಲ್ಲ ಸೇರಿ ಅಕ್ಕನನ್ನು ಒರೆಸಿ, ತೊಳೆದು, ಹೊಳಪು ಕೊಟ್ಟು ಕೂರಿಸಿದ್ದರು. ಆ ಹೊಳಪಿನಲ್ಲಿ ಈ ಮಗುವಿಗೆ ತನ್ನ ಮುಖ ಮಾತ್ರ ಕಪ್ಪಾಗಿ ಕಾಣುತ್ತಿತ್ತು. ತಾನೂ ಬಾಯಿ ಹೊಲಿದುಕೊಂಡು ನೋಡುತ್ತಲೇ ಇದ್ದೆನಲ್ಲ!

"ನಿಮ್ಮಮ್ಮಂಗೆ ಕೋಪ ಮೂಗಿನ ತುದೀಲೇ ಇತ್ತು ಕಣೇ," ಎಂದಳು. "ಈ ಫ್ರಾಕಿಗೇ ಎಷ್ಟು ಬೈದಿದ್ದಾಳೆ ಗೊತ್ತಾ? ದಾರ ತುಂಡಾದಾಗ ಕತ್ತರಿ ಬೀಸಿ ಒಗೆದ್ಲು, ನರ್ಸಮ್ಮ ಜಿಗಿದ್ರು. ಗಂಜಿ ತಂದವನಿಗೆ ನೀನೇ ಕುಡಿ ಅಂದ್ಲು. ಅಳೋಕೆ ಅಂತ ನೆಂಟರು ಬಂದ್ರೆ ನಿದ್ದೆ ಬಂದವಳ ಥರ ಮಲಗಿ, ನಂಗೆ ಕಣ್ಣು ಹೊಡೀತಿದ್ಲು."

"ನಿಜ್ಜಾ?"

"ಕೈ ಎತ್ತು."

ಅಂಚಿನ ದಾರ ಕತ್ತರಿಸಲೆಂದು ಚೀಲದಲ್ಲಿ ತಂದಿದ್ದ ಅಕ್ಕನ ಪುಟ್ಟ ಕತ್ತರಿಯನ್ನು ಮೌನಿ ತೆಗೆದಳು. ಎಷ್ಟು ಒತ್ತಾದ ಹೊಲಿಗೆ! ಒಂದೊಂದನ್ನೂ ಅಕ್ಕ ಉಸಿರು ಹಿಡಿದು ಹಾಕಿದ್ದು ನೆನಪಾಗಿ ಕೈ ತಡೆಯಿತು. 'ಯಾಕೇ ನೀನು ಅವಳನ್ನ ಎಬ್ಬಿಸಿ ನಗಿಸಲಿಲ್ಲ' ಎಂದು ಮನಸ್ಸಿನಲ್ಲೇ ಅಕ್ಕನ ಮೇಲೆ ರೇಗಿಕೊಂಡು, ಎರಡೂ ಕಂಕುಳಲ್ಲಿ ಮೂರು ಮೂರು ಬೆರಳು ಉದ್ದ ಕತ್ತರಿಸಿದಳು. ಗುಬ್ಬಿ ತೋಳು ಕೆಳಗಿಟ್ಟು ದೊಡ್ಡದಾಗಿ ಉಸಿರು ಬಿಟ್ಟಳು.

ಫೋಟೊ ಚೆನ್ನಾಗಿ ಬಂತು. ಕತ್ತರಿಸಿದ್ದು ಕಾಣಲಿಲ್ಲ.

ವಾರದ ನಂತರ ಅಂಗಡಿಯ ಬಾಗಿಲು ತೆಗೆದು ಹೊಲಿಗೆ ಯಂತ್ರದ ಮೇಲೆ, ಅಕ್ಕನ ಫೋಟೊದ ಪಕ್ಕಕ್ಕೆ ಅದನ್ನು ತೂಗುಹಾಕಿದರು. ಹಳೆಯ ಗಿರಾಕಿಗಳು ನಾಲ್ಕೈದು ಜನ ಬಂದಿದ್ದರು.

"ನೋಡಿ," ಎಂದರು ಅಜ್ಜಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ಸಾಯೋ ಹೊತ್ತಲ್ಲೂ ಎಂಥಾ ಅಳತೆ! ಕೂದಲೆಳೆಯಷ್ಟೂ ತಪ್ಪಿಲ್ಲ. ಇವಳು ಸುಮ್ನೆ ಕಚ್ಚುತ್ತೆ ಅಂತ ಹಟ ಮಾಡಿದ್ಲು."

ಗುಬ್ಬಿ ಚಿಕ್ಕಮ್ಮನನ್ನು ನೋಡಿದಳು.

"ತಪ್ಪಿತ್ತು ಅತ್ತೆ," ಎಂದಳು ಮೌನಿ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂದು ಅವಳೇ ಬೆಚ್ಚಿದಳು.

"ಏನಂದೆ?"

"ಅಳತೆ ತಪ್ಪಿತ್ತು. ಮಗು ಮಲಗಿದ್ದಾಗ ತಗೊಂಡಿದ್ದು, ಟೇಪು ನಾನೇ ಹಿಡ್ಕೊಂಡಿದ್ದೆ. ಗುಬ್ಬಿ ಹಟ ಮಾಡ್ಲಿಲ್ಲ. ಕಂಕುಳಲ್ಲಿ ನಾನು ಕತ್ತರಿಸಿದೀನಿ."

ಬಾವ ಉಗುರು ನೋಡಿಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದ. ಆಗ ಹಿಂದಿನಿಂದ ಒಬ್ಬ ದಪ್ಪ ಹೆಂಗಸು ಗಂಟಲು ಸರಿಮಾಡಿಕೊಂಡಳು.

"ನಂದೂ ಒಂದು ಬ್ಲೌಸು ಕೆಡಿಸಿದ್ಲು, ಪುಣ್ಯಾತ್ಗಿತ್ತಿ. ಕೇಳಿದ್ರೆ ನಂಗೇ ಬೈದ್ಲು, ಹದಿನೈದು ದಿನದಲ್ಲಿ ಇಷ್ಟು ಊದಿದ್ರೆ ನಾನೇನ್ರೀ ಮಾಡ್ಲಿ ಅಂತ!"

ಅಜ್ಜಿ ನಗಲಿಲ್ಲ. ನೆಟ್ಟಗೇ ಇದ್ದ ಫೋಟೊವನ್ನು ಮತ್ತೊಮ್ಮೆ ನೆಟ್ಟಗೆ ಮಾಡಿ, ಮೌನಿಗೆ ಬೆನ್ನು ಹಾಕಿ ನಿಂತರು. ಆ ಬೆನ್ನು ಇನ್ನೆಷ್ಟು ದಿನ ಮಾತಾಡುವುದಿಲ್ಲವೋ ಎಂದು ಮೌನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಗುಬ್ಬಿ ಮಾತ್ರ ಆ ಹೆಂಗಸಿನ ಸೀರೆ ಹಿಡಿದು ಜಗ್ಗುತ್ತಿದ್ದಳು. ಮುಂದಿನ ಹಲ್ಲುಗಳಿಲ್ಲದ ಬಾಯಿ ಅಗಲವಾಗಿ ತೆರೆದಿತ್ತು.

"ಆಂಟೀ, ಆಮೇಲೆ? ಇನ್ನೂ ಯಾರ್ಯಾರಿಗೆ ಬೈದಿದ್ಲು ನಮ್ಮಮ್ಮ?"