ಇಂದ್ರಾಬಾಯಿಯ ಮಿಶ್ರಿ

ಇಂದ್ರಾಬಾಯಿ ಮದುವೆಯಾಗಿ ಮುಂಬಯಿಯ ಕುರ್ಲಾದ ಚಾಳಿನ ಒಂಟಿ ಕೋಣೆಗೆ ಬರುವಾಗ ವಿಜಯಪುರದ ಕಡೆಯಿಂದ ತಂದದ್ದು ಎರಡೇ: ರೊಟ್ಟಿಯ ಹೆಂಚು ಮತ್ತು ಮಿಶ್ರಿಯ ಚಟ. ತಂಬಾಕಿನ ಎಲೆಯನ್ನು ಅದೇ ಹೆಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವುದು. ಅವಳ ಅವ್ವ ತಿಕ್ಕಿದ್ದಳು, ಅತ್ತೆಯೂ ತಿಕ್ಕಿದ್ದಳು. ಮಿಶ್ರಿ ತಿಕ್ಕಿದ ಹಲ್ಲಿಗೆ ಹುಳ ಹತ್ತುವುದಿಲ್ಲ ಎಂಬುದು ಅವಳಿಗೆ ದೇವರ ಮಾತಿದ್ದ ಹಾಗೆ.

ಗಂಡ ತೀರಿಹೋದ ಮೇಲೆ ಅವಳಿಗೆ ಉಳಿದವನು ಮಗ ಶಿವಪುತ್ರ ಒಬ್ಬನೇ. ಅವನು ನಕಲಿ ಒಡವೆಗಳಿಗೆ ಬಂಗಾರದ ನೀರು ಕೊಡುವ ಕಾರ್ಖಾನೆ ಸೇರಿದ. ಕಾರ್ಖಾನೆ ಅಂದರೆ ಏನು ಮಹಾ! ಕಿಟಕಿಯಿಲ್ಲದ ಒಂದು ಖೋಲಿ, ತುಂಬ ಆಸಿಡ್ಡಿನ ತೊಟ್ಟಿಗಳು. ಮೊದಲ ದಿನ ಸಂಜೆ ಬಂದವನೇ ಮುಖ ಕಿವುಚಿ, "ಯವ್ವಾ, ಬಾಯೆಲ್ಲಾ ಹುಳಿ ಹುಳಿ ಆಗೇತಿ ನೋಡಬೇ" ಅಂದ.

"ಮೊದಲ ಮಿಶ್ರಿ ಹಚ್ಚಿ ಗಸಗಸ ತಿಕ್ಕು. ಹುಳಿ ಎಲ್ಲಾ ಹೋಗತೈತಿ."

ಅಂದಿನಿಂದ ಅದೇ ಕಟ್ಟಳೆ. ಮಗ ಹೊಸ್ತಿಲು ದಾಟಿ ಬಂದರೆ ಮಿಶ್ರಿ ತಿಕ್ಕದೆ ಚಹಾ ಸಿಗುತ್ತಿರಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅವನ ಮುಂದಿನ ಹಲ್ಲು ಹಳದಿಯಾದವು, ತುದಿ ಸವೆದು ಗಿಡ್ಡವಾದವು. ಹೊಲಸು ಕೂತಿದೆ ಎಂದು ಆ ಪುಣ್ಯಾತ್ಗಿತ್ತಿ ಉಪ್ಪು ಬೆರೆಸಿ ಇನ್ನಷ್ಟು ತಿಕ್ಕಿಸಿದಳು.

ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗಾಯಿತು. ಮಗನ ದುಡಿಮೆಯಿಂದ ತಟ್ಟೆ ತುಂಬ ಕಡಕ್ ರೊಟ್ಟಿ ಬಂತು, ಅವನೋ ಕಚ್ಚಲಾರದೆ ಸಾರಿನಲ್ಲಿ ನೆನೆಸಿ ನುಂಗತೊಡಗಿದ. ತಣ್ಣೀರು ಕುಡಿದರೂ ಕಣ್ಣಲ್ಲಿ ನೀರು. ಕೊನೆಗೆ ಅವಳೇ ಅವನನ್ನು ಚೆಂಬೂರಿನ ಹಲ್ಲಿನ ಡಾಕ್ಟರ್ ನಿಶಾಳ ಹತ್ತಿರ ಎಳೆದುಕೊಂಡು ಹೋದಳು. ನಿಶಾ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಧಾರವಾಡದವರ ಹುಡುಗಿ, ಕನ್ನಡ ತಡವರಿಸುತ್ತಿತ್ತು.

"ಆಂಟಿ, ಹಲ್ಲಿನ ಮ್ಯಾಲೆ ಗಟ್ಟಿ ಪದರ ಇರ್ತದ, ಎನಾಮಲ್. ಆಸಿಡ್ ಹೊಗಿಗೆ ಅದು ಮೆತ್ತಗ ಆಗ್ತದ. ನೀರು ಮುಕ್ಕಳಿಸಿ ಸುಮ್ಮನ ಬಿಟ್ರ, ಮತ್ತ ಥೋಡಾ ಗಟ್ಟಿ ಆಗ್ತದ. ಮೆತ್ತಗ ಇದ್ದಾಗ ತಿಕ್ಕಿದ್ರ, ಬಸ್, ಖತಮ್. ಹೋಗಿದ್ದು ವಾಪಸ್ ಬರಂಗಿಲ್ಲ." ಒಸಡಿಗೆ ಮೆತ್ತಿದ ಕರಿ ಪುಡಿ ನೋಡಿ ಅವಳು ಶಿವಪುತ್ರನ ಕಡೆ ತಿರುಗಿದಳು. "ಯಾರು ಹೇಳಿದ್ರು ನಿಮಗ, ಮಿಶ್ರಿ ತಿಕ್ಕು ಅಂತ?"

ಇಂದ್ರಾಬಾಯಿ ಬಾಯಿ ತೆರೆಯುವುದರೊಳಗೆ ಶಿವಪುತ್ರನೇ ಅಂದ:

"ಯಾರೂ ಇಲ್ರಿ ಮೇಡಂ. ನಾನ ತಿಕ್ಕೊಂಡೆ. ನಮ್ಮವ್ವ ಬ್ಯಾಡ ಅಂತಿದ್ಲು."

ಅವನು ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಆ ಸುಳ್ಳನ್ನು ತಡೆದುಕೊಳ್ಳುವುದು ಕಷ್ಟವಾಯಿತು. ನಿಶಾ ಹಚ್ಚಿಕೊಳ್ಳಲು ಒಂದು ಪೇಸ್ಟ್ ಕೊಟ್ಟಳು, ಸವೆದ ಹಲ್ಲಿಗೆ ಕ್ಯಾಪ್ ಹಾಕಬಹುದು ಅಂದಳು. ಆದರೆ ಆಸಿಡ್ ಬಿಡಬೇಕು, ಮಿಶ್ರಿಯನ್ನೂ ಬಿಡಬೇಕು, ಇಲ್ಲದಿದ್ದರೆ ಒಂದೂ ಉಳಿಯುವುದಿಲ್ಲ.

ಶಿವಪುತ್ರ ಮಾಲೀಕನ ಹತ್ತಿರ ಗೋಗರೆದು ತೊಟ್ಟಿ ಬಿಟ್ಟು ಪ್ಯಾಕಿಂಗಿಗೆ ಹೋದ. ಇಂದ್ರಾಬಾಯಿ ಅವನ ಕಣ್ಣೆದುರೇ ಮಿಶ್ರಿಯ ಡಬ್ಬಿಯನ್ನು ಗಟಾರಕ್ಕೆ ಸುರಿದಳು. ಸುರಿಯುವ ಮುಂಚೆ ಒಂದಿಷ್ಟನ್ನು ಕಾಗದದಲ್ಲಿ ಕಟ್ಟಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಬಾಲ್ಯದ ಚಟ ಡಾಕ್ಟರ್ ಹೇಳಿದರೆ ಬಿಡುತ್ತದೆಯೇ? ನನ್ನ ಹಲ್ಲು ಹೋದರೆ ಹೋಗಲಿ, ಅವನವು ಉಳಿದರೆ ಸಾಕು ಅಂದುಕೊಂಡಳು.

ಆದರೆ ಅದು ಅವನಿಗೂ ಚಟವಾಗಿದೆ ಎಂಬುದು ಅವಳ ತಲೆಗೇ ಬಂದಿರಲಿಲ್ಲ. ಕೆಲವೇ ದಿನಗಳಲ್ಲಿ ಅವನು ಬೆಳಿಗ್ಗೆ ಎದ್ದು ಮೋರಿಯ ಹತ್ತಿರ ತಲೆ ಹಿಡಿದುಕೊಂಡು ಕೂತ.

"ಯವ್ವಾ, ತಲಿ ಒಡದು ಹೋಗಾಕತ್ತೈತಿ. ಒಂದ ಚಿಟಿಕಿ ಕೊಡಬೇ."

"ಎಲ್ಲಿಂದ ತರ್ಲೋ ತಮ್ಮಾ? ಗಟಾರಕ್ಕ ಚೆಲ್ಲಿದ್ದು ನೀನ ನೋಡಿಯಲ್ಲೋ."

ಅವನು ಅವಳ ಮುಖದ ಹತ್ತಿರ ಬಂದ. "ನಿನ್ನ ಬಾಯಾಗ ವಾಸನಿ ಬರಾಕತ್ತೈತಿ."

ಇಂದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಕೂಗಾಡಲಿಲ್ಲ, ಮೆಲ್ಲಗೇ ಅಂದ: "ಡಾಕ್ಟರ್ ಮುಂದ ನಾ ನಿನ್ನ ಹೆಸರ ಹೇಳಲಿಲ್ಲಬೇ ಯವ್ವಾ."

ಆಮೇಲೆ ಅವಳಿಂದ ತಡೆಯಲಾಗಲಿಲ್ಲ. ಕುಪ್ಪಸದಿಂದ ಪೊಟ್ಟಣ ತೆಗೆದು, ಬಿಚ್ಚಿ, ಅವನ ಅಂಗೈ ಮೇಲೆ ಸುರಿದಳು. ಅವನು ಹಸಿದವನ ಹಾಗೆ ತಿಕ್ಕತೊಡಗಿದ. ಗಿಡ್ಡ ಹಲ್ಲುಗಳ ಬುಡದಿಂದ ರಕ್ತ ಬಂದು ಕರಿ ಉಗುಳಿನ ಜೊತೆ ಮೋರಿಗೆ ಹರಿಯಿತು. ಅವಳು ಅವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬೆನ್ನು ಸವರಿದಳು.

"ಸಾವಕಾಶ ತಿಕ್ಕೋ, ತಮ್ಮಾ," ಅಂದಳು.