ಸುಟ್ಟ ಕೋಲಿನ ಸದ್ದು

ಗಾಳಿಯನ್ನು ಸೀಳುವಂಥ ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ನಡುರಾತ್ರಿ, ನಮ್ಮ ಮನೆಯ ಕೆಳಗಿರುವ ಶಾಲೆಯ ತರಗತಿಯಿಂದ ಅದು ಬರುವುದು ಇದೇ ಮೊದಲಲ್ಲ. ಅಡುಗೆಯ ಮಿಸೆಸ್ ಟಾಪ್ಲಿಯನ್ನು ಕೇಳಿದ್ದೆ.

"ಇಲಿ ಇರ್ಬೇಕು ಬಿಡಿ ಮಿಸ್. ನಮ್ಮ ಸ್ಕೂಲಲ್ಲಿ ಈಗ ಇಲಿಗೂ ಹೊಡೆಯೋ ಹಾಗಿಲ್ವಲ್ಲ."

ಅವಳ ಕುಹಕ ನನ್ನ ಅಪ್ಪನ ಮೇಲೆ. ಮುಖ್ಯೋಪಾಧ್ಯಾಯರಾಗಿ ಬಂದ ವರ್ಷವೇ ಅಪ್ಪ ಹುಡುಗರಿಗೆ ಹೊಡೆಯಲು ಶಾಲೆಯಲ್ಲಿಟ್ಟಿದ್ದ ಬರ್ಚ್ ಕೋಲುಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಡಿಸಿದ್ದರು. ಹೆದರಿಸದೆ ಕಲಿಸುವುದು ಹೇಗೆಂದು ಅವರು ಬರೆದ ಪುಸ್ತಕದ ಕರಡನ್ನು, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದಿಬಂದ ನಾನೇ ತಿದ್ದುತ್ತಿದ್ದೆ. ಬೆಳಗಾದರೆ ಅದು ಲಂಡನ್ನಿನ ಅಚ್ಚುಕೂಟಕ್ಕೆ ಹೋಗಬೇಕು. ಜೀವಮಾನದಲ್ಲಿ ಯಾವ ಹುಡುಗನ ಮೇಲೂ ತಾನು ಕೈ ಎತ್ತಿದವನಲ್ಲ ಎಂಬುದು ಅದರ ಮೊದಲ ವಾಕ್ಯ. ಆಡಳಿತ ಮಂಡಳಿಯಲ್ಲಿ ಅರ್ಧ ಜನ ಕೋಲನ್ನು ಮರಳಿ ತರಲು ಕಾದಿದ್ದರು. ಅಪ್ಪನ ಒಂದು ಮಾತು ಸುಳ್ಳಾದರೂ ಅವರಿಗೆ ಸಾಕಿತ್ತು.

ಮೇಣದ ಬತ್ತಿ ಹಿಡಿದು ಇಳಿದೆ.

ರಾಣಿಯ ಚಿತ್ರದ ಕೆಳಗೆ ಅಪ್ಪ ರಾತ್ರಿಯ ನಿಲುವಂಗಿಯಲ್ಲೇ ನಿಂತಿದ್ದರು. ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಬಲಗೈ ಮೇಲೇರಿ ಇಳಿಯುತ್ತಿತ್ತು. ಕೈ ಬರಿದಾಗಿತ್ತು. ಆದರೂ ಆ ಸದ್ದು ಬಂತು.

ಹಳೆಯ ಶಾಲೆಗಳಲ್ಲಿ ಏಟು ತಿಂದ ಹುಡುಗ ಕೋಲಿಗೆ ಮುತ್ತಿಟ್ಟು ಗುರುವಿಗೆ ವಂದನೆ ಹೇಳಬೇಕಿತ್ತು. ಅಪ್ಪ ಬರಿಗೈಯನ್ನು ಮುಂದೆ ಚಾಚಿ ಕಾದರು.

"ಮುತ್ತಿಡು, ಹೆಡ್ಲಿ. ಯಾಕೋ ಸುಮ್ನೆ ಬಿದ್ಕೊಂಡಿದ್ದೀಯ? ನಾಟಕ ಸಾಕು." ದನಿ ಇಳಿಯಿತು. "ಏಳಪ್ಪ. ದಮ್ಮಯ್ಯ, ಏಳು."

ನನ್ನ ಬತ್ತಿಯ ಉರಿ, ಯಾರೋ ನೆಲದಿಂದ ಉಸಿರೆಳೆದ ಹಾಗೆ, ಕೆಳಕ್ಕೆ ಬಾಗಿತು.

ಅಪ್ಪ ಎಳೆಯ ವಯಸ್ಸಿನಲ್ಲಿ ಯಾರ್ಕ್‌ಶೈರಿನ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದರು. ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಅಲ್ಲಿ ಅವರ ಏಟಿಗೆ ಬಿದ್ದ ಹೆಡ್ಲಿ ಎಂಬ ಹುಡುಗ ಮತ್ತೆ ಏಳಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅಪ್ಪನ ಮೊಣಕೈ ಹಿಡಿದು ಮಲಗಿಸಿ ಬಂದೆ. ಅವರಿಗೆ ಎಚ್ಚರವಾಗಲಿಲ್ಲ.

ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತ ಅಪ್ಪ ಕರಡಿನ ಬಗ್ಗೆ ವಿಚಾರಿಸಿದರು.

"ಮೊದಲನೇ ವಾಕ್ಯ ಹಾಗೇ ಇರ್ಲಾ ಅಪ್ಪ?"

"ಯಾಕೆ ಮಗಳೇ, ತಪ್ಪಿದೆಯಾ?" ಅವರ ಕಣ್ಣು ತಿಳಿಯಾಗಿತ್ತು. ಅವರಿಗೆ ನೆನಪಿದೆಯೋ ಇಲ್ಲವೋ, ನಾನು ಹೇಳಲಾರೆ.

ಕಿಟಕಿಯಾಚೆ ಒಬ್ಬ ಹುಡುಗ ಶಾಯಿಯ ಕುಡಿಕೆ ಕೈಜಾರಿಸಿ ಮೇಷ್ಟರ ಷರಾಯಿಗೆಲ್ಲ ಸಿಡಿಸಿದ. ಏಟಿಗೆ ಹೆದರಿ ಅವನು ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ, ಹಿಂದೆ ಸರಿಯಲೂ ಇಲ್ಲ. ಬಟ್ಟೆ ತರಲು ಓಡಿದ.

"ಇಲ್ಲ ಅಪ್ಪ," ಎಂದೆ.

ಕರಡನ್ನು ಕಟ್ಟಿ ಅರಗು ಹಾಕುವಾಗ ಬೆರಳು ಸುಟ್ಟಿತು. ಹೆಡ್ಲಿಯ ಹೆಸರನ್ನು ಯಾರ ಮುಂದೆಯೂ, ಅಪ್ಪನ ಮುಂದೆಯೂ, ಎತ್ತುವುದಿಲ್ಲ ಎಂದು ತೀರ್ಮಾನಿಸಿದೆ.